ಎರಡನೇ ಕೌದಿ

ಹತ್ತಿ ಬಿಡಿಸುವ ಕೆಲಸ ಮುಗಿದು ಬಿಸಿಲು ಏರಿತೆಂದರೆ ಸಗರನಾಡಿನ ಶಹಾಪುರ, ಸುರಪುರದ ಹಳ್ಳಿಗಳ ಪಡಸಾಲೆಯಲ್ಲಿ ಕೌದಿ ಹಾಸುತ್ತಾರೆ. ಹಳೇ ನೂಲಿನ ಸೀರೆ, ಧೋತರ, ಮಕ್ಕಳ ಅಂಗಿ ಪದರ ಪದರ ಕೂಡಿಸಿ, ಅಂಚಿನಿಂದ ನಡುವಿನ ತನಕ ಸಾಲುಹೊಲಿಗೆ. ಬ್ಯಾಳಿ ಕುದಿಯುವಷ್ಟರಲ್ಲಿ ಒಂದು ಸಾಲು, ಕೂಸು ಮಲಗಿದಾಗ ಇನ್ನೊಂದು.

ಅಲ್ಲಿ ಒಬ್ಬ ಅವ್ವ ಹೊಲಿಯುತ್ತಿದ್ದ ಎರಡು ಕೌದಿಗಳಲ್ಲಿ ಮೊದಲನೆಯದು ಬಾಣಂತನಕ್ಕೆ ಬಂದ ಮಗಳ ಕೂಸಿಗೆ. ಹತ್ತಿಬಟ್ಟೆ ತೊಳೆದಷ್ಟೂ ಮೆತ್ತಗಾಗುತ್ತದೆ, ಬೆವರು ಹೀರುತ್ತದೆ. ಎಳೆಮೈಗೆ ಹೊಸ ಪಾಲಿಯೆಸ್ಟರ್ ಹೊದಿಕೆಗಿಂತ ಇದೇ ಮೇಲು.

ನನಗೆ ಹೆಚ್ಚು ಪ್ರೀತಿ ಎರಡನೆಯದರ ಮೇಲೆ. "ಯವ್ವಾ, ಇದು ಯಾರಿಗಿ?" ಅಂದೆ.

"ದುಡಿಲಾಕ ಬೆಂಗಳೂರಿಗಿ ಹೊಂಟಾಳಲ್ಲ, ಆ ಹುಡುಗಿಗಿ. ಬಸರಿ ಅದಾಳ, ತವರಾಗ ಯಾರೂ ಇಲ್ಲ."

ಕಟ್ಟಡ ಕೆಲಸದ ಶೆಡ್ಡುಗಳಲ್ಲಿ ನೆಲವೇ ಹಾಸಿಗೆ. ಅದಕ್ಕೇ ಇದಕ್ಕೆ ಎರಡು ಪದರ ಹೆಚ್ಚು. ಓಣಿಯ ಹೆಂಗಸರೂ ಕೈಜೋಡಿಸಿದರು. ಒಬ್ಬೊಬ್ಬರ ಹೊಲಿಗೆ ಒಂದೊಂದು ಅಳತೆ.

ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಕೌದಿ ಅಮೆರಿಕದ ಪ್ರದರ್ಶನದವರೆಗೂ ಹೋಗಿದೆ, ಸಂತೋಷ. ಸಗರನಾಡಿನ ಕೌದಿ ಕೂಲಿಕಾರರ ಗಂಟಿನಲ್ಲಿ ಊರು ದಾಟುತ್ತದೆ, ಅದನ್ನು ನೋಡಿದವರು ಕಡಿಮೆ.

ಹಳೇ ಹತ್ತಿ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ತಗೋಬೇಡಿ. ನಿಮ್ಮ ಓಣಿಯಲ್ಲಿ ಕೌದಿ ಹೊಲಿಯುವ ಅವ್ವ ಯಾರಿದ್ದಾರೋ, ಅವರಿಗೆ ಕೊಡಿ.