ನಮ್ಮ ಕೈತೋಟದ ಕೇಲ್ ಸೊಪ್ಪು

ಕೈತೋಟವುಳ್ಳ ಗೃಹಸ್ಥರು ಬಿತ್ತುವ ಕ್ರಮವನ್ನು ಬೇಗನೆ ಕಲಿತುಕೊಳ್ಳುತ್ತಾರೆ. ಕೊಯ್ಯುವ ಕ್ರಮಕ್ಕೆ ಅಷ್ಟು ಲಕ್ಷ್ಯ ಕೊಡುವವರು ವಿರಳ. ಬಿತ್ತುವುದಕ್ಕೆ ಬೇಕಾದಷ್ಟೇ ವಿವೇಕವು ಕೊಯ್ಯುವುದಕ್ಕೂ ಬೇಕೆಂಬುದನ್ನು ನಮಗೆ ಮನಗಾಣಿಸಿದುದು ಕೇಲ್ ಎಂಬ ಸೊಪ್ಪು.

ಎಲೆಕೋಸು, ಹೂಕೋಸು, ನವಿಲುಕೋಸುಗಳು ಯಾವ ಜಾತಿಗೆ ಸೇರಿದವೋ ಕೇಲ್ ಸಹ ಅದೇ ಜಾತಿಗೆ ಸೇರಿದುದು. ಆದರೆ ಇದು ಗಡ್ಡೆ ಕಟ್ಟುವುದಿಲ್ಲ. ಇದರ ಸರ್ವಸ್ವವೂ ಎಲೆಯೇ. ಚಳಿದೇಶಗಳಲ್ಲಿ ಇದು ಬಹುಕಾಲದಿಂದ ಬಡವರ ಆಹಾರ. ಸ್ಕಾಟ್ಲೆಂಡಿನಲ್ಲಂತೂ ಮನೆಯ ಕೈತೋಟಕ್ಕೇ ಇದರ ಹೆಸರಿನಿಂದ ‘ಕೇಲ್‌ಯಾರ್ಡ್’ ಎಂಬ ಹೆಸರಾಯಿತು. ನಮ್ಮ ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಯ ಚಳಿಗಾಲವೂ ಇದಕ್ಕೆ ಒಗ್ಗುತ್ತದೆ.

ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಬೀಜ ಬಿತ್ತಿ, ನಾಲ್ಕೈದು ಎಲೆ ಬಂದ ಸಸಿಗಳನ್ನು ಕಿತ್ತು, ಚೆನ್ನಾಗಿ ಕಳಿತ ಸಗಣಿಗೊಬ್ಬರ ಬೆರೆಸಿದ ಪಾತಿಯಲ್ಲಿ ಒಂದೊಂದು ಮೊಳದ ಅಂತರಕ್ಕೆ ನೆಡುತ್ತೇವೆ. ಹೇನೂ ಹಸುರುಹುಳುವೂ ಎಲೆಯ ಅಡಿಯಲ್ಲಿ ಅಡಗುವುವಾದ್ದರಿಂದ ಪ್ರತಿದಿನವೂ ಎಲೆ ಮಗುಚಿ ನೋಡಬೇಕು. ಬಿತ್ತಿದ ಸುಮಾರು ಎರಡು ತಿಂಗಳಿಗೆ ಕೆಳಗಿನ ಎಲೆಗಳು ಅಂಗೈಯಗಲವಾಗುತ್ತವೆ. ಆಗ ಅವುಗಳನ್ನು ಮಾತ್ರ ಕಾಂಡದ ಬಳಿ ಕೆಳಕ್ಕೆ ಬಾಗಿಸಿ ಮುರಿಯಬೇಕು. ಬಸಳೆಯ ಕುಡಿ ಚಿವುಟಿದರೆ ಬಳ್ಳಿ ಕವಲೊಡೆದು ಹಬ್ಬುತ್ತದೆ. ಕೇಲ್ ಗಿಡದ ನಡುಸುಳಿಯನ್ನು ಮುಟ್ಟಲಾಗದು. ಹೊಸ ಎಲೆ ಬರುವುದು ಅಲ್ಲಿಂದಲೇ. ಸುಳಿಯ ಸುತ್ತ ಐದಾರು ಎಲೆ ಉಳಿಸಿ, ಗಿಡಕ್ಕೆ ಒಂದೆರಡರಂತೆ ಕೊಯ್ದರೆ ತಿಂಗಳುಗಟ್ಟಲೆ ಸೊಪ್ಪು ದೊರೆಯುತ್ತದೆ. ನಡುದಂಟನ್ನು ತೆಗೆದು ಸಣ್ಣಗೆ ಹೆಚ್ಚಿ, ಕಾಯಿತುರಿ ಹಾಕಿ ಮಾಡಿದ ಪಲ್ಯವು ಬಲು ರುಚಿ.

ನಮ್ಮ ಮನೆಯಲ್ಲಿ ಈ ಮಿತಿಗೆ ಇನ್ನೊಂದು ಕಾರಣವೂ ಉಂಟು. ನಮ್ಮ ತೀರ್ಥರೂಪರು ಹೃದಯದ ಕಾಯಿಲೆಯ ನಿಮಿತ್ತ ವಾರ್ಫರಿನ್ ಗುಳಿಗೆಯನ್ನು ಸೇವಿಸುತ್ತಾರೆ. ಇದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಔಷಧಿ. ಕೇಲಿನಲ್ಲಾದರೋ ಹೆಪ್ಪುಗಟ್ಟಲು ನೆರವಾಗುವ ‘ಕೆ’ ಜೀವಸತ್ವವು ಹೇರಳವಾಗಿದೆ. ಆದಕಾರಣ ಬೀಜ ತರುವ ಮೊದಲೇ ವೈದ್ಯರನ್ನು ವಿಚಾರಿಸಿದೆವು. “ಸೊಪ್ಪನ್ನು ವರ್ಜಿಸಬೇಕಾಗಿಲ್ಲ, ಅಳತೆ ಮಾತ್ರ ಒಂದೇ ಸಮನಾಗಿರಲಿ. ಒಂದು ವಾರ ರಾಶಿ, ಮರುವಾರ ಶೂನ್ಯ ಎಂದಾಗಬಾರದು” ಎಂದು ಅವರು ಅಪ್ಪಣೆ ಕೊಟ್ಟರು.

ಅಂದಿನಿಂದ ತೀರ್ಥರೂಪರ ಪಾಲು ವಾರಕ್ಕೆ ನಾಲ್ಕೇ ಎಲೆ. “ಕಂದಾಯದ ಲೆಕ್ಕ ಕಂಡಿದ್ದೆ, ಸೊಪ್ಪಿನ ಲೆಕ್ಕ ಈಗ ಕಂಡೆ” ಎಂದು ನಗುತ್ತಲೇ ಅವರು ತಾವಾಗಿ ಪಾತಿಗಿಳಿದು, ಎಣಿಸಿ ಮುರಿದು, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ಸಂಕ್ರಾಂತಿಗೆ ನೆಂಟರು ಬಂದು ಬೋಗುಣಿ ತುಂಬ ಪಲ್ಯ ಮಾಡಿದ ದಿನವೂ ಅವರ ಎಲೆಗೆ ಬೀಳುವುದು ಅಷ್ಟೇ. ಮಾರ್ಚ್ ತಿಂಗಳ ಬಿಸಿಲಿಗೆ ಸೊಪ್ಪು ಒರಟಾಗಿ ಕಹಿಯಾಗತೊಡಗುತ್ತದೆ. ಗಿಡ ಕೀಳುವ ಮೊದಲು ವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ರಕ್ತಪರೀಕ್ಷೆ ಮಾಡಿಸುತ್ತೇವೆ.

ಮನೆಯಲ್ಲಿ ಇಂತಹ ಗುಳಿಗೆ ಸೇವಿಸುವ ಹಿರಿಯರಿದ್ದರೆ, ಯಾವುದೇ ಹೊಸ ಸೊಪ್ಪನ್ನು ನಿತ್ಯದ ಅಡಿಗೆಗೆ ತರುವ ಮುಂಚೆ ತಮ್ಮ ವೈದ್ಯರನ್ನು ಕೇಳಬೇಕೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ.