ಮೂರು ಮಾರು ನೀರು

"ತಾತ, ಮೊದಲು ಕೆರೆ ಎಷ್ಟು ಆಳ ಇತ್ತು ಅಂತ ಯಾರಾದ್ರೂ ಬರೆದಿಟ್ಟಿದ್ದಾರಾ?" ಎಂದು ಇಂಜಿನಿಯರಿಂಗ್ ಓದುವ ಮೊಮ್ಮಗ ಕೇಳಿದ. ಹೇಮಾವತಿ ನೀರು ಬಂದು ಕೋಡಿಮಟ್ಟಕ್ಕೆ ತುಂಬಿದ್ದ ನಮ್ಮೂರ ಕೆರೆಗೆ ಗೆಳೆಯರ ಜೊತೆ ದೋಣಿ, ಸೋನಾರ್ ತಂದಿದ್ದ. ತೂಬಿನ ಮುಂದೆ ಯಂತ್ರ ತೋರಿಸಿದ್ದು ಹತ್ತಡಿ. ಬರೆದಿಟ್ಟವರು ಯಾರೂ ಇಲ್ಲ. ಆದರೆ ಕೋಡಿ ಬಿದ್ದಾಗ ಅಲ್ಲಿ ಮೂರು ಮಾರು ನೀರು ನಿಲ್ಲುತ್ತಿತ್ತು, ಹತ್ತಿರ ಹತ್ತಿರ ಹದಿನೆಂಟಡಿ. ನೀರಗಂಟಿ ಅಳೆದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಮಾರಿಗೊಂದು ಗಂಟು ಹಾಕಿದ ನಾರಿನ ಹಗ್ಗ, ತುದಿಗೆ ಗುಂಡುಕಲ್ಲು. ತೆಪ್ಪದ ಮೇಲೆ ಕೂತು ಬಿಟ್ಟ ಕಲ್ಲು ತಳ ಮುಟ್ಟಿದರೂ ಆತ ತಕ್ಷಣ ಎಳೆಯುತ್ತಿರಲಿಲ್ಲ. ಎರಡು ಬೆರಳಲ್ಲಿ ಹಗ್ಗ ಅಲುಗಿಸುತ್ತಿದ್ದ. ಸಲೀಸಾಗಿ ಎದ್ದರೆ ಗಟ್ಟಿ ನೆಲ, ಕಚ್ಚಿಕೊಂಡರೆ ಗೋಡು. ಕಲ್ಲಿಗೆ ಮೆತ್ತಿದ ಕಪ್ಪು ಮಣ್ಣನ್ನು ಮೂಗಿಗೆ ಹಿಡಿಯುತ್ತಿದ್ದ. ಕೊಳೆತ ಎಲೆ, ಮೀನು, ಹಸಿ ಸಗಣಿ ಬೆರೆತ ಆ ವಾಸನೆ ಬಂದರೆ, "ತೆಂಗಿಗೆ ಹೇಳಿ ಮಾಡಿಸಿದ್ದು ಕಣಪ್ಪ."

ತಿಪಟೂರಿಗೆ ಕೊಬ್ಬರಿ ಒಯ್ದ ಗಾಡಿಗಳೇ ಬೇಸಿಗೆಯಲ್ಲಿ ಗೋಡು ಹೊರುತ್ತಿದ್ದವು. ಹತ್ತಿರವೆಂದು ಎಲ್ಲರಿಗೂ ಏರಿ ಬುಡವೇ ಬೇಕು. ಆತ ಬಿಡುತ್ತಿರಲಿಲ್ಲ. "ಅಲ್ಲಿ ಗುದ್ದಲಿ ಹಾಕಿದ್ರೆ ಮುಂಗಾರಿಗೆ ಊರೇ ತೇಲ್ತದೆ. ನಡುಗೆರೆಗೆ ಹೋಗಿ, ಎರಡು ಗಾಡಿ ಜಾಸ್ತಿ ತುಂಬ್ಕಳಿ." ಪಟೇಲರ ಗಾಡಿಗೂ ಅದೇ ಮಾತು.

ಹಳೆಯದೆಲ್ಲ ಚೆನ್ನಾಗಿತ್ತೆಂದಲ್ಲ. ಕೆರೆ ಕಾಯ್ದವನಿಗೆ ಸ್ವಂತದ್ದೊಂದು ತೆಂಗಿನಮರವಿರಲಿಲ್ಲ. ಸುಗ್ಗಿಯಲ್ಲಿ ರಾಗಿ ಕೊಡುವಾಗ ನಮ್ಮವರು ಕೊಳಗದ ಬಾಯಿ ಸವರಿಯೇ ಅಳೆಯುತ್ತಿದ್ದರು. ಹುಡುಗರಾದ ನಾವೂ ಆತನನ್ನು ಏಕವಚನದಲ್ಲೇ ಕೂಗುತ್ತಿದ್ದೆವು.

ಮೊಮ್ಮಗನ ಯಂತ್ರವನ್ನು ಹಳಿಯಲಾರೆ. ನೀರಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ತಳಕ್ಕೆ ಹೋಗಿ ಬಂದ ಹೊತ್ತಿನಲ್ಲಿ ಅರ್ಧ ಹಿಡಿದರೆ ಆಳ ಸಿಕ್ಕಿತು. ನೀರು ಬಿಸಿಯಾದರೆ ವೇಗ ಏರುತ್ತದೆ, ಸಮುದ್ರದಲ್ಲಾದರೆ ಉಪ್ಪಿನ ಲೆಕ್ಕವೂ ಸೇರುತ್ತದೆ. ಅದಕ್ಕೇ ಮೊದಲು ಅಳತೆಯ ಹಗ್ಗಕ್ಕೆ ಕಬ್ಬಿಣದ ತಟ್ಟೆ ಕಟ್ಟಿ ಇಳಿಬಿಟ್ಟು ತಾಳೆ ನೋಡಿದರು. ಹಗ್ಗ ಕಂಡು ನನಗೆ ಒಳಗೊಳಗೇ ಖುಷಿ. ಅವನ 200 ಕಿಲೋಹರ್ಟ್ಸ್ ದನಿ ಮೆತ್ತನೆ ಗೋಡಿನ ಮೇಲಿಂದಲೇ ಹಿಂದಿರುಗುತ್ತದಂತೆ. ಅಡಿಯ ಗಟ್ಟಿ ನೆಲಕ್ಕೆ 30ರ ಆಸುಪಾಸಿನ ದಪ್ಪ ದನಿಯ ಯಂತ್ರ ಬೇಕಂತೆ.

ದೊಡ್ಡ ಜಲಾಶಯಗಳ ಹೂಳಿಗೆ ಲೆಕ್ಕವಿದೆ: 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ 2016ರ ಸಮೀಕ್ಷೆಯಲ್ಲಿ 105ರ ಆಸುಪಾಸಿಗೆ ಇಳಿದಿತ್ತು. ನಮ್ಮ ಕೆರೆಗೆ ನನ್ನ ನೆನಪೇ ದಾಖಲೆ. ಬೋರ್‌ವೆಲ್ ಬಂದ ಮೇಲೆ ಕೆರೆ ಯಾರಿಗೂ ಬೇಡವಾಯಿತು, ಗೋಡಿನ ಗಾಡಿಗಳು ನಿಂತವು. ಈಗ ನೀರಿಳಿದರೆ ಟಿಪ್ಪರ್‌ಗಳು ಬರುತ್ತವೆ, ಇಟ್ಟಿಗೆ ಗೂಡಿನ ಮಣ್ಣಿಗೆ, ಅದೂ ಏರಿ ಬುಡಕ್ಕೇ. ನಡುಗೆರೆಗೆ ಹೋಗಿ ಎನ್ನುವ ಧೈರ್ಯ ಊರಲ್ಲಿ ಯಾರಿಗೂ ಇಲ್ಲ. ಟಿಪ್ಪರ್ ಇಟ್ಟವರಲ್ಲಿ ಅರ್ಧ ಜನ ನಮ್ಮ ನೆಂಟರೇ.