ಅಬ್ಬಾರ ಬೆರಳಿನ ಕಂದು ಬಣ್ಣ

ನಮ್ಮ ಅಬ್ಬಾ ದಿನಾ ಮಾಕಳಿಯಿಂದ ಬಸ್ಸು ಹಿಡಿದು ಪೀಣ್ಯಕ್ಕೆ ಹೋಗುತ್ತಾರೆ. ಸರ್ಕ್ಯೂಟ್ ಬೋರ್ಡ್ ತಯಾರಿಸುವ ಸಣ್ಣ ಕಾರ್ಖಾನೆಯಲ್ಲಿ ಕೆಲಸ. ತಾಮ್ರದ ತೆಳು ಪದರವಿರುವ ಹಲಗೆಯನ್ನು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದರೆ ಬೇಡದ ತಾಮ್ರ ಕರಗುತ್ತದೆ, ಶಾಯಿ ಮುಚ್ಚಿದ ಗೆರೆಗಳು ಉಳಿಯುತ್ತವೆ. ಆ ದ್ರಾವಣದ ಕಂದು ಕಲೆ ಅವರ ಬೆರಳಿನಿಂದ ಹೋಗುವುದೇ ಇಲ್ಲ. ಅಮ್ಮಿ ಅದನ್ನು "ಈದ್ ಇಲ್ಲದ ಮೆಹಂದಿ" ಅನ್ನುತ್ತಾರೆ.

ಕಳೆದ ತಿಂಗಳು ಬಿ.ಎಸ್ಸಿ. ಓದುವ ಆಪಾಳ ಪುಸ್ತಕದಲ್ಲಿ ಅದೇ ಫೆರಿಕ್ ಕ್ಲೋರೈಡ್ ಕಾಣಿಸಿತು. ಅಲ್ಲಿ ಅದರ ಕೆಲಸ ಬೇರೆ: ಬೆಂಜೀನ್ ಉಂಗುರಗಳನ್ನು ಒಂದಕ್ಕೊಂದು ಜೋಡಿಸುವುದು. ಅದು ಎಲೆಕ್ಟ್ರಾನ್ ಕಸಿದುಕೊಳ್ಳುತ್ತದೆ, ಹೈಡ್ರೋಜನ್ ಹೊರಹೋಗುತ್ತದೆ, ಪಕ್ಕಪಕ್ಕದ ಕಾರ್ಬನ್‌ಗಳು ಕೈ ಹಿಡಿಯುತ್ತವೆ. 1910ರಲ್ಲಿ ಇಂಥ ಜೋಡಣೆಯನ್ನು ಪ್ರಕಟಿಸಿದ ರೋಲಾಂಡ್ ಶಾಲ್ ಹೆಸರಿನಲ್ಲಿ ಇದಕ್ಕೆ ಶಾಲ್ ಕ್ರಿಯೆ ಎನ್ನುತ್ತಾರೆ. (ಅವರು ಬಳಸಿದ್ದು ಅಲ್ಯೂಮಿನಿಯಂ ಕ್ಲೋರೈಡ್.) ಬಟ್ಟೆಗಳ ನಡುವೆ ಇಡುವ ನ್ಯಾಫ್ತಲೀನ್ ಗುಳಿಗೆಯಲ್ಲಿ ಎರಡು ಉಂಗುರ. ಹೆಕ್ಸಾಬೆಂಜೋಕೊರೊನೀನ್‌ನಲ್ಲಿ ಹದಿಮೂರು! ಅದು ಗ್ರಾಫೀನ್‌ನ ಪುಟ್ಟ ಚೂರಿನಂತೆ. ನಮ್ಮ ಜಕ್ಕೂರಿನಲ್ಲೇ ಸಿ.ಎನ್.ಆರ್. ರಾವ್ ಅವರ ಸಂಸ್ಥೆಯಲ್ಲಿ ಗ್ರಾಫೀನ್ ಸಂಶೋಧನೆ ನಡೆದಿದೆ.

ಕಾಮರ್ಸ್‌ನವರಿಗೆ ಇದೆಲ್ಲ ಯಾಕೆ ಎಂದು ಆಪಾ ನಕ್ಕಳು. ನಾನು ಅಕೌಂಟ್ಸ್ ನೋಟ್‌ಬುಕ್ಕಿನ ಹಿಂದೆ ಲೆಕ್ಕ ಬರೆದೆ. ಆರು ಹೊಸ ಬಂಧಗಳಿಗೆ ಹನ್ನೆರಡು ಹೈಡ್ರೋಜನ್ ಹೋಗಬೇಕು, ಅದಕ್ಕೆ ಹನ್ನೆರಡು ಫೆರಿಕ್ ಕ್ಲೋರೈಡ್ ಬೇಕು. ಎಡಕ್ಕೆ 36 ಕ್ಲೋರಿನ್. ಬಲಕ್ಕೆ ಫೆರಸ್ ಕ್ಲೋರೈಡ್‌ನಲ್ಲಿ 24, ಹೈಡ್ರೋಜನ್ ಕ್ಲೋರೈಡ್ ಅನಿಲದಲ್ಲಿ 12. ನನ್ನ ಟ್ರಯಲ್ ಬ್ಯಾಲೆನ್ಸ್ ಒಂದೇ ಸಲಕ್ಕೆ ಹೀಗೆ ತಾಳೆಯಾದದ್ದಿಲ್ಲ.

ಆ ಅನಿಲವನ್ನು ಲ್ಯಾಬಿನಲ್ಲಿ ನೈಟ್ರೋಜನ್ ಊದಿ ಹೊರಗೆ ಕಳಿಸುತ್ತಾರಂತೆ. ಇಲ್ಲದಿದ್ದರೆ ಬೇಕಾದ ಅಣುವಿಗೇ ಕ್ಲೋರಿನ್ ಅಂಟಿಕೊಳ್ಳಬಹುದು. ಕೆಲಸವೆಲ್ಲ ಹೊಗೆ ಎಳೆಯುವ ಗಾಜಿನ ಗೂಡಿನಲ್ಲಿ, ಗ್ಲೌಸ್ ಹಾಕಿಕೊಂಡು. ಅಬ್ಬಾರ ತೊಟ್ಟಿಯ ಪಕ್ಕದಲ್ಲಿ ಒಂದು ಕಿಟಕಿ, ಒಂದು ಟೇಬಲ್ ಫ್ಯಾನ್.

"ಗ್ಲೌಸ್ ಕೊಡಲ್ವಾ ಅಬ್ಬಾ?" ಎಂದೆ.

"ಹರಿದು ಎರಡು ತಿಂಗಳಾಯ್ತು ಬೇಟಾ. ಕೇಳಿದ್ರೆ, ಜಾಬ್ ವರ್ಕ್ ರೇಟಲ್ಲಿ ಅದೆಲ್ಲ ಬರಲ್ಲ ಅಂತಾರೆ."

ಬರುತ್ತದೋ ಇಲ್ಲವೋ ನೋಡೋಣ ಎಂದು ಕೂತೆ. ದಿನಕ್ಕೆ ಎಷ್ಟು ಬೋರ್ಡ್, ಒಂದು ಜೊತೆ ರಬ್ಬರ್ ಗ್ಲೌಸಿನ ಬೆಲೆ ಎಷ್ಟು, ಎಷ್ಟು ದಿನ ಬಾಳುತ್ತದೆ ಎಂದು ಕೇಳಿ ಹಂಚಿದೆ. ಒಂದು ಬೋರ್ಡಿಗೆ ಹತ್ತು ಪೈಸೆಯೂ ಬೀಳಲಿಲ್ಲ. ಆ ಹಾಳೆಯನ್ನು ಮಡಿಚಿ ಅಬ್ಬಾರ ಊಟದ ಡಬ್ಬಿಯ ಕೆಳಗೆ ಇಟ್ಟಿದ್ದೇನೆ. ಅವರು ಮಾಲೀಕರಿಗೆ ತೋರಿಸಿದರೋ ಇಲ್ಲವೋ, ಇನ್ನೂ ಹೇಳಿಲ್ಲ.